ಬಿಳಿ ಪಂಚೆಯ ಮೇಲೆ ಬೀಳದ ಹನಿ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿ ಹೆಪ್ಪು ಹಾಕಿದೆ. ಮಹಡಿಯ ಮೇಲೆ ಹರಡಿದ್ದ ಕೊಬ್ಬರಿಯನ್ನು ತಿರುವಿ, ಬೂಸಲು ಬಂದ ಹೋಳುಗಳನ್ನು ಬೇರೆ ತೆಗೆದಿಟ್ಟೆ. ಆಯಿಲ್ ಸೋರಿದೆಯೇನೋ ಎಂದು ಕಾರಿನ ಅಡಿಗೆ ಸರಿಸಿಟ್ಟಿದ್ದ ರಟ್ಟನ್ನು ಎಳೆದು ನೋಡಿದೆ, ಒಣಗಿತ್ತು. ಗ್ಯಾಸಿಗೆ ಫೋನು ಮಾಡಿದೆ. ನಮ್ಮ ಯಜಮಾನರ ಖಾಕಿ ಅಂಗಿಯ ಕಾಲರನ್ನು ಬ್ರಷ್ ಹಾಕಿ ಉಜ್ಜಿ ಹಿಂಡುತ್ತಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ತಲೆ ಹಾಕಿದಳು.

"ಅಕ್ಕಾ, ಗೊತ್ತಾಯ್ತಾ? ಆ ಬಿಳಿ ಬಟ್ಟೆ ಮೆಕ್ಯಾನಿಕ್ಕು ಹೋಗ್ಬಿಟ್ರಂತೆ, ಬೆಳಗಿನ ಜಾವ."

"ಮಣ್ಣು ಎಷ್ಟೊತ್ತಿಗಂತೆ?" ಎಂದೆ. ಅದೊಂದು ಕೇಳಬೇಕಾದ ಮಾತು, ಕೇಳಿದೆ. ಅಂಗಿಯನ್ನು ತಂತಿಯ ಮೇಲೆ ಹಾಕಿದೆ.

ಯಜಮಾನರಿಗೆ ಆಗಲೇ ಸುದ್ದಿ ಬಂದಿತ್ತು. ಸ್ನಾನ ಮಾಡದೆ, ತಿಂಡಿ ಮುಟ್ಟದೆ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹೊರಡು, ಇಬ್ಬರೂ ಹೋಗಿ ಬರಾಣ. ಜನ ಏನಂತಾರೆ?"

"ಜನ ಅನ್ನೋದೆಲ್ಲ ಅಂದಾಗಿದೆ. ನೀವು ಹೋಗ್ ಬನ್ನಿ. ಕೊಬ್ಬರಿ ಬಿಟ್ಟು ಬಂದ್ರೆ ಕೋತಿ ಬರ್ತವೆ."

"ಸತ್ತೋರ ಮೇಲೆ ಸಿಟ್ಟು ಇಟ್ಕೋಬಾರ್ದು ಕಣೇ."

"ಬದುಕಿದ್ದಾಗ ಇಟ್ಕೊಂಡಿದ್ದೇ ಇನ್ನೂ ಖರ್ಚಾಗಿಲ್ಲ ಕಣ್ರೀ. ಹೊತ್ತಾಯ್ತು, ಹೊರಡಿ."

ಅವರು ಹೋದರು. ನಾನು ಮಹಡಿಯ ಮೇಲೆ ಕೊಬ್ಬರಿ ಕಾಯುತ್ತಾ ಕೂತು ಇದನ್ನು ಬರೆಯುತ್ತಿದ್ದೇನೆ. ಸತ್ತವನ ಹೆಸರನ್ನು ಬರೆಯುವುದಿಲ್ಲ. ನಮ್ಮವರ ಹೆಸರನ್ನು ಊರ ಬಾಯಿಗೆ ಹಾಕಿದವನ ಹೆಸರು ನನ್ನ ಹಾಳೆಯ ಮೇಲೆ ಯಾಕೆ ಕೂರಬೇಕು? ಆದರೆ ಆತ ಹೇಗಿದ್ದನೆಂಬುದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಸಿಟ್ಟಿಗೂ ಒಂದು ನಿಯತ್ತು ಇರಬೇಕು.

ನಮ್ಮವರು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಮುಂದಿನ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುವವರು. ರೈಲು ಇಳಿದು ಹಳೇಬೀಡು, ಬೇಲೂರು ನೋಡಲು ಹೊರಟವರನ್ನು ಕರೆದುಕೊಂಡು ಹೋಗಿ, ಸಂಜೆ ರೈಲಿಗೆ ಬಿಡುವುದು ಅವರ ಕೆಲಸ. ಕಾರು ಆಗಲೇ ಹಳೆಯದು. ಸ್ಟ್ಯಾಂಡಿನ ಪಕ್ಕದಲ್ಲೇ ಟೀ ಅಂಗಡಿ, ಟೀ ಅಂಗಡಿಯ ಎದುರಿಗೆ ಆತನ ಗ್ಯಾರೇಜು.

ಮೆಕ್ಯಾನಿಕ್ಕು ಅಂದರೆ ಉಗುರಿನ ಸಂದಿಯಲ್ಲಿ ಗ್ರೀಸು, ಮೈತುಂಬ ಮಸಿ ಎಂದು ನಾವು ತಿಳಿದಿರುತ್ತೇವೆ. ಆತ ಹಾಗಲ್ಲ. ಬಿಳಿ ಪಂಚೆ, ಬಿಳಿ ಅರೆತೋಳಿನ ಅಂಗಿ, ಹಣೆಯ ಮೇಲೆ ಅಳತೆಗೋಲು ಇಟ್ಟು ಎಳೆದಂತೆ ವಿಭೂತಿ. ಪಂಚೆಯನ್ನು ಎತ್ತಿ ಕಟ್ಟಿ, ಗೋಣಿತಾಟು ಹಾಸಿ, ಹಾವು ಬಿಲಕ್ಕೆ ಹೋದಂತೆ ಕಾರಿನ ಕೆಳಗೆ ಹೋಗುತ್ತಿದ್ದ. ಹೊರಗೆ ಬಂದಾಗ ಒಂದು ಕಲೆ ಕಾಣುತ್ತಿರಲಿಲ್ಲ. "ಅದ್ಹೆಂಗಣ್ಣ?" ಎಂದು ಯಾರಾದರೂ ಕೇಳಲೇಬೇಕು, ಕೇಳುವ ತನಕ ಅಲ್ಲೇ ನಿಂತಿರುತ್ತಿದ್ದ. ಕೇಳಿದರೆ, "ಎಣ್ಣೆ ಎಲ್ಲಿರ್ಬೇಕೋ ಅಲ್ಲಿ ಇದ್ರೆ ಬಟ್ಟೆಗೆ ಯಾಕ್ಲಾ ಬತ್ತದೆ?" ಎನ್ನುವ ಉತ್ತರ ಸಿದ್ಧ. ಊರೆಲ್ಲ ಅದನ್ನು ನಂಬಿತ್ತು. ಆತನ ಹೆಂಡತಿ ಹಿತ್ತಲಲ್ಲಿ, ಒಳಮಡಿಕೆಯಲ್ಲಿ ಕಲೆಯಾದ ಆ ಪಂಚೆಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಸೋಡದಲ್ಲಿ ಕುದಿಸಿ, ಉಜ್ಜಿ ಉಜ್ಜಿ ಬೆರಳ ತುದಿಯ ಚರ್ಮ ಸುಲಿದುಕೊಂಡಿದ್ದನ್ನು ಊರು ನೋಡಿರಲಿಲ್ಲ. ನಾನು ಅರಿಶಿನ ಕುಂಕುಮಕ್ಕೆ ಕರೆಯಲು ಹೋದಾಗ ನೋಡಿದ್ದೆ. ಕುಂಕುಮದ ಬಟ್ಟಲಿಗೆ ಬೆರಳಿಡಲು ಆಕೆ ಹಿಂಜರಿದಳು.

ಆತ ರಿಪೇರಿ ಮುಗಿಸಿದ ಕಾರಿಗೆ ಒಂದು ಶಾಸ್ತ್ರವಿತ್ತು. ಸಂಜೆ ಇಂಜಿನ್ನನ್ನು ಬಿಸಿ ಮಾಡಿ ನಿಲ್ಲಿಸಿ, ಅದರ ಕೆಳಗೆ ಒಗೆದ ಬಿಳಿ ಪಂಚೆಯೊಂದನ್ನು ಹಾಸುತ್ತಿದ್ದ. ಬೆಳಿಗ್ಗೆ ಕಾರಿನ ಮಾಲೀಕ ಬಂದ ಮೇಲೆ, ಟೀ ಅಂಗಡಿಯಿಂದ ನಾಲ್ಕು ಜನ ಎದ್ದು ಬಂದ ಮೇಲೆ, ಆ ಪಂಚೆಯನ್ನು ಎಳೆದು ಎರಡು ಕೈಯಲ್ಲಿ ಹಿಡಿದು ಬಿಸಿಲಿಗೆ ತೋರಿಸುತ್ತಿದ್ದ. ಒಂದು ಹನಿ ಇಲ್ಲ. ಜನ ಮಂಗಳಾರತಿಗೆ ನಿಂತ ಹಾಗೆ ನಿಲ್ಲುತ್ತಿದ್ದರು. ಒಂದು ಹನಿ ಬಿದ್ದಿದ್ದರೆ ಕಾರು ಕೊಡುತ್ತಲೇ ಇರಲಿಲ್ಲ, ಮತ್ತೆ ಬಿಚ್ಚುತ್ತಿದ್ದ. ಬೇಲೂರಿನಿಂದ, ಗೆಂಡೆಹಳ್ಳಿಯಿಂದ ಕೂಡ ಸೋರುವ ಗಾಡಿಗಳು ಆತನನ್ನು ಹುಡುಕಿಕೊಂಡು ಬರುತ್ತಿದ್ದವು.

ಆತನಿಗೆ ವಿದ್ಯೆ ಇತ್ತು, ಇಲ್ಲವೆನ್ನುವುದಿಲ್ಲ. ಮೊದಲ ಸಲ ನಮ್ಮ ಕಾರು ಸೋರತೊಡಗಿದಾಗ ನೋಡಿದವರೆಲ್ಲ ಚೇಂಬರಿನ ಪ್ಯಾಕಿಂಗ್ ಹೋಗಿದೆ ಎಂದರು. ಚೇಂಬರು ಅಂದರೆ ಇಂಜಿನ್ನಿನ ಅಡಿಯಲ್ಲಿ ಆಯಿಲ್ ತುಂಬಿರುವ ತಟ್ಟೆ, ಪ್ಯಾಕಿಂಗ್ ಅಂದರೆ ಅದರ ಅಂಚಿನ ಸಂದಿ ಮುಚ್ಚುವ ಪಟ್ಟಿ. ಹನಿ ಅಲ್ಲಿಂದಲೇ ಬೀಳುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನವಿರಲಿಲ್ಲ. ಆತ ನಮ್ಮ ಅಂಗಳಕ್ಕೇ ಬಂದು, ಬಗ್ಗಿ ನೋಡಿ, ಹನಿಯನ್ನು ಬೆರಳಲ್ಲಿ ಒರೆಸಿ ಮೂಸಿದ.

"ಇಂಜಿನ್ ಆಯಿಲ್ಲೇ. ಗೇರ್ ಆಯಿಲ್ ಆಗಿದ್ರೆ ಕೊಳೆತ ಬೆಳ್ಳುಳ್ಳಿ ನಾತ ಬರೋದು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ತಂಗ್ಯವ್ವ, ಮುಖಕ್ಕೆ ಹಾಕೋ ಪೌಡ್ರು ಐತಾ ಮನೇಲಿ?" ಎಂದು ಕೇಳಿದ.

"ಯಾರ ಮುಖಕ್ಕೆ?"

"ಇಂಜಿನ್ ಮುಖಕ್ಕೆ ಕಣವ್ವ. ನಿನ್ನ ಗಂಡನ ಮುಖಕ್ಕೆ ಹಾಕಿ ಏನು ಪ್ರಯೋಜನ!"

ಮೊದಲು ಇಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟ. "ಕೊಳೆ ಮೇಲೆ ರೋಗ ಹುಡುಕಬಾರ್ದು. ಮೊದ್ಲು ಸ್ನಾನ, ಆಮೇಲೆ ನಾಡಿ" ಎಂದ. ನಂತರ ನನ್ನ ಪೌಡರಿನ ಡಬ್ಬಿಯನ್ನು ಇಡೀ ಇಂಜಿನ್ನಿನ ಮೇಲೆ ಉದುರಿಸಿದ. ಮದುವಣಗಿತ್ತಿಯಂತಾದ ಇಂಜಿನ್ನಿನೊಂದಿಗೆ ನಮ್ಮವರು ಮಾಲೇಕಲ್ಲಿನ ತಪ್ಪಲಿನವರೆಗೂ ಹೋಗಿ ಬಂದರು. ಬಾನೆಟ್ಟು ಎತ್ತಿದರೆ, ಬಿಳಿಯ ನಡುವೆ ಒಂದು ಕಪ್ಪು ಗೆರೆ. ಅದು ಹುಟ್ಟಿದ್ದು ಮೇಲೆ, ಇಂಜಿನ್ನಿನ ನೆತ್ತಿಗೆ ಕೂರುವ ಟ್ಯಾಪೆಟ್ ಮುಚ್ಚಳದ ಹಿಂದಿನ ಮೂಲೆಯಲ್ಲಿ. ಅಲ್ಲಿಂದ ಇಳಿದು, ಇಂಜಿನ್ನಿನ ಬೆನ್ನು ಸವರಿ, ಚೇಂಬರಿನ ಅಂಚಿಗೆ ಬಂದು ಹನಿಯುತ್ತಿತ್ತು.

"ಸೋರೋದು ಒಂದ್ ಕಡೆ, ತೊಟ್ಟಿಕ್ಕೋದು ಇನ್ನೊಂದ್ ಕಡೆ. ಕೆಳಗಿನೋನು ಸುಮ್ಮನೆ ಬೈಸ್ಕೊಳ್ತಾನೆ" ಎಂದು ನಕ್ಕ. ಆ ಮಾತು ಮುಂದೆ ನಮ್ಮ ಮನೆಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು! ಮುಚ್ಚಳದ ಪ್ಯಾಕಿಂಗ್ ಬದಲಾಯಿಸಿದ, ಸೋರುವುದು ನಿಂತಿತು. ಆವತ್ತು ನಮ್ಮ ಮನೆಯಲ್ಲೇ ಉಂಡ. ಅಂದಿನಿಂದ ನಾನು ತಂಗಿ, ಆತ ಅಣ್ಣ. ಹಬ್ಬ ಹುಣ್ಣಿಮೆಗೆ ನಮ್ಮನೆ ತಂಬಿಟ್ಟು ಆತನ ಮನೆಗೆ ಹೋಗುತ್ತಿತ್ತು.

ಕೆಲವು ವರ್ಷ ಕಳೆದ ಮೇಲೆ ಚೇಂಬರಿನ ಪ್ಯಾಕಿಂಗು ನಿಜವಾಗಿಯೂ ಹೋಯಿತು. ಆ ಹೊತ್ತಿಗೆ ಆತನ ಕೈಗೆ ಒಂದು ಹೊಸ ಪೇಸ್ಟು ಬಂದಿತ್ತು. ಹಲ್ಲುಜ್ಜುವ ಪೇಸ್ಟಿನಂಥದೇ ಟ್ಯೂಬು, ಬಣ್ಣ ಕಡು ನೀಲಿ. ಎರಡು ಲೋಹಗಳ ನಡುವೆ ಹಚ್ಚಿದರೆ ರಬ್ಬರಿನಂತೆ ಗಟ್ಟಿಯಾಗಿ ಸಂದಿ ಮುಚ್ಚುವಂಥದು. ಬೆಂಗಳೂರಿನಿಂದ ತರಿಸುತ್ತಿದ್ದ, ಉಳಿದ ಮೆಕ್ಯಾನಿಕ್ಕುಗಳಿಗೆ ಮುಟ್ಟಲು ಕೊಡುತ್ತಿರಲಿಲ್ಲ. "ಈ ಊರಲ್ಲಿ ನೀಲಿ ಕಂಡ್ರೆ ಅದು ನನ್ನ ಕೈ ಅಂತ ತಿಳ್ಕೊಳ್ಳಿ" ಎನ್ನುತ್ತಿದ್ದ. ನಮ್ಮವರು ಪಕ್ಕದಲ್ಲಿ ಕೂತು ನೋಡಿದ್ದರು. ಚೇಂಬರಿನ ಅಂಚಿಗೆ ಆ ನೀಲಿಯನ್ನು ದೋಸೆಗೆ ಬೆಣ್ಣೆ ಹಾಕಿದ ಹಾಗೆ ಹಾಕಿದನಂತೆ. "ಜಾಸ್ತಿ ಆಗಲ್ವಾಣ್ಣ?" ಎಂದಿದ್ದಕ್ಕೆ, "ನನ್ನ ಪಂಚೆ ಮೇಲೆ ಹನಿ ಬೀಳ್ಬೇಕೇನ್ಲಾ?" ಎಂದನಂತೆ. ಮರುದಿನ ಬೆಳಿಗ್ಗೆ ಪಂಚೆ ಹಾಲಿನಂತಿತ್ತು.

ಆಮೇಲೆ ನಡೆದದ್ದನ್ನು ನೇರವಾಗಿ ಹೇಳುತ್ತೇನೆ. ಕೆಲವು ತಿಂಗಳ ನಂತರ ರೈಲು ಇಳಿದ ಒಂದು ಸಂಸಾರವನ್ನು ಕೂರಿಸಿಕೊಂಡು ನಮ್ಮವರು ಹೋಗಿದ್ದರು. ಹಳೇಬೀಡು ಮುಗಿಸಿ ಬೇಲೂರಿನ ದಾರಿ ಹಿಡಿದಾಗ ಇಂಜಿನ್ನಿನಿಂದ ಸುತ್ತಿಗೆ ಬಡಿದ ಹಾಗೆ ಸದ್ದು ಬಂತು. ಬದಿಗೆ ತರುವಷ್ಟರಲ್ಲಿ ಇಂಜಿನ್ನು ಬಿಗಿದುಕೊಂಡು ನಿಂತಿತು. ಆಯಿಲ್ಲಿನ ಒತ್ತಡ ಇಳಿದರೆ ಉರಿಯಬೇಕಾದ ಕೆಂಪು ದೀಪ ಆ ಕಾರಿನಲ್ಲಿ ಎಂದೋ ಸತ್ತಿತ್ತು. ನಮ್ಮವರು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು. ಗೆರೆಯವರೆಗೂ ಆಯಿಲ್ ಇತ್ತು.

ಕಾರನ್ನು ಕಟ್ಟಿ ಎಳೆದುಕೊಂಡು ಬಂದರು. ಟೀ ಅಂಗಡಿಯ ಮುಂದೆ ಸ್ಟ್ಯಾಂಡಿನವರೆಲ್ಲ ಸೇರಿದ್ದರು. ಆತ ಬಂದ, ಕಡ್ಡಿ ನೋಡಿದ, ಡಿಕ್ಕಿ ತೆಗೆದ. ಹಳೆಯ ಕಾರು ಆಯಿಲ್ ಕುಡಿಯುತ್ತದೆಂದು ನಮ್ಮವರು ಯಾವಾಗಲೂ ಒಂದು ಡಬ್ಬಿ ಇಟ್ಟಿರುತ್ತಿದ್ದರು, ಅದು ಅರ್ಧ ಖಾಲಿ ಇತ್ತು. ಆತ ಅದನ್ನು ಎತ್ತಿ ಎಲ್ಲರ ಮುಂದೆ ಅಲ್ಲಾಡಿಸಿದ.

"ಒಣಗಿಸಿ ಓಡ್ಸಿ, ನಿಂತ ಮೇಲೆ ಡಬ್ಬಿ ಸುರಿದು ಕಡ್ಡಿ ತೋರಿಸ್ತೀಯೇನ್ಲಾ? ನನ್ನ ಪಂಚೆ ಮೇಲೆ ಒಂದು ಹನಿ ಬಿದ್ದಿತ್ತಾ? ಇವರೆಲ್ಲ ನೋಡಿಲ್ವಾ?"

ಎಲ್ಲರೂ ನೋಡಿದ್ದರು. ಎಲ್ಲರೂ ನಕ್ಕರು. ಇಂಜಿನ್ನು ಬಿಚ್ಚಲು ಆತ ಒಪ್ಪಲಿಲ್ಲ. "ಹೆಣ ಕೊಯ್ದು ಏನ್ ಮಾಡ್ತೀಯ, ಗುಜರಿಗೆ ಹಾಕು" ಎಂದ. ಅಂದಿನಿಂದ ಸ್ಟ್ಯಾಂಡಿನಲ್ಲಿ ನಮ್ಮವರಿಗೆ "ಒಣ ಇಂಜಿನ್ನು" ಎಂಬ ಅಡ್ಡಹೆಸರು ಬಿತ್ತು. ಬೇರೆಯವರ ಕಾರು ಓಡಿಸಲು ಹೋದರೆ, "ಆಯಿಲ್ ಐತಾ ನೋಡಿದ್ಯಾ, ಒಣ ಇಂಜಿನ್ನು?" ಎಂದು ಪ್ರಯಾಣಿಕರ ಎದುರಿಗೇ ಕೇಳುವರು. ಪ್ರಯಾಣಿಕರು ಹಿಂದಿನ ಕಾರಿಗೆ ಹೋಗುವರು.

ಇದೆಲ್ಲವನ್ನೂ ನುಂಗಬಹುದಿತ್ತು. ನುಂಗಲಾರದ್ದು ಬೇರೆ. ಒಂದು ದಿನ ಅಂಗಳದಲ್ಲಿ ನಿಂತ ಆ ಸತ್ತ ಕಾರನ್ನು ನೋಡುತ್ತಾ ಇವರು, "ನಾನೇ ಆವತ್ತು ಕಡ್ಡಿ ನೋಡ್ಲಿಲ್ವೇನೋ ಕಣೇ" ಎಂದರು. ನೋಡಿದ್ದರು. ಪ್ರತಿದಿನ ನೋಡುತ್ತಿದ್ದರು. ಕಡ್ಡಿ ಒರೆಸುತ್ತಿದ್ದದ್ದು ನನ್ನ ಹಳೇ ಸೀರೆಯ ತುಂಡಿನಲ್ಲಿ, ಅದನ್ನು ಒಗೆಯುತ್ತಿದ್ದವಳು ನಾನು. ಆ ದಿನದ ಕಲೆಯನ್ನೂ ನಾನೇ ಒಗೆದಿದ್ದೆ. ಮಾಡಿದ ಕೆಲಸವನ್ನೇ ಮಾಡಲಿಲ್ಲವೇನೋ ಎಂದು ಒಬ್ಬ ಮನುಷ್ಯನಿಗೆ ಅನ್ನಿಸುವಂತೆ ಮಾಡಿದವನನ್ನು ನಾನು ಬಿಡುವುದಿಲ್ಲ ಎಂದುಕೊಂಡೆ.

ದಾರಿ ಕಂಡದ್ದು ಅಡುಗೆಮನೆಯಲ್ಲಿ. ಒಂದು ಬೆಳಿಗ್ಗೆ ಕಾಫಿ ಫಿಲ್ಟರಿನ ಮೇಲ್ಭಾಗದಲ್ಲಿ ನೀರು ತುಂಬಿ ನಿಂತಿದೆ, ಕೆಳಗೆ ಡಿಕಾಕ್ಷನ್ ಒಂದು ಹನಿ ಇಳಿದಿಲ್ಲ. ತೂತು ಕಟ್ಟಿಕೊಂಡಿದ್ದವು. ಸೂಜಿಯಲ್ಲಿ ಚುಚ್ಚುತ್ತಾ ಇವರನ್ನು ಕೇಳಿದೆ:

"ಚೇಂಬರಲ್ಲಿ ಆಯಿಲ್ ತುಂಬಿದ್ರೂ ಮೇಲಕ್ಕೆ ಹೋಗದೆ ಇರೋಕೆ ಆಗ್ತದೇನ್ರೀ?"

"ಯಾಕಾಗಲ್ಲ? ಆಯಿಲ್ ಹೀರೋ ಪೈಪಿನ ಬಾಯಿಗೆ ಒಂದು ಜಾಲರಿ ಇರ್ತದೆ. ಅದು ಕಟ್ಕೊಂಡ್ರೆ..." ಎಂದು ಹೇಳುತ್ತಾ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನನ್ನ ಮುಖ ನೋಡಿ, "ಬೇಡ ಕಣೇ. ಬಿಟ್ಬಿಡು" ಎಂದರು.

ಬಿಡಲಿಲ್ಲ. ಬೇಲೂರಿನ ಮೆಕ್ಯಾನಿಕ್ಕಿನ ಹತ್ತಿರ ಬಿಚ್ಚಿಸೋಣ ಎಂದು ಇವರು ಹೇಳಿದರೂ ಒಪ್ಪಲಿಲ್ಲ. ಬೇರೆಯವನು ಬಿಚ್ಚಿದರೆ, ಅವನೇ ಏನೋ ಹಾಕಿದ ಎಂದು ಆತ ಹೇಳುತ್ತಾನೆ. ಆತನ ಕೈಯಿಂದಲೇ ಬಿಚ್ಚಬೇಕು, ನಕ್ಕವರ ಎದುರಿಗೇ ಬಿಚ್ಚಬೇಕು. ಕಾರ್ತಿಕ ಸೋಮವಾರದ ಪೂಜೆಗೆ ಸ್ಟ್ಯಾಂಡಿನವರನ್ನೆಲ್ಲ ಊಟಕ್ಕೆ ಕರೆದೆ. ಆತನ ಮನೆಗೆ ನಾನೇ ಹೋಗಿ ಕರೆದೆ. ಎಲೆ ಹಾಕುವ ಮುಂಚೆ, ಎಲ್ಲರೂ ಅಂಗಳದಲ್ಲಿ ಕೂತು ಅದೂ ಇದೂ ಮಾತಾಡುತ್ತಿದ್ದಾಗ ಹೇಳಿದೆ:

"ಅಣ್ಣಾ, ಬೇರೆ ಇಂಜಿನ್ ಸಿಕ್ಕಿದೆ, ಹಾಕಿಸ್ತೀವಿ. ಹಳೇದರ ಚೇಂಬರು ಮಾತ್ರ ನಿಮ್ಮ ಕೈಯಿಂದ ಬಿಚ್ಚಿದ್ರೆ ಒಳ್ಳೇದು. ನೀವು ಮುಟ್ಟಿದ ಗಾಡಿ, ಬೇರೆಯೋರ ಕೈ ಯಾಕೆ ಬೀಳ್ಬೇಕು?"

"ಇವತ್ತಾ? ಪೂಜೆಗೆ ಅಂತ ಒಳ್ಳೆ ಬಟ್ಟೇಲಿ ಬಂದಿವ್ನಿ ಕಣವ್ವ."

"ನೀವು ಯಾವತ್ತು ಕೆಟ್ಟ ಬಟ್ಟೇಲಿ ಕೆಲಸ ಮಾಡಿದೀರಣ್ಣ?"

ಸ್ಟ್ಯಾಂಡಿನವರು ಗೊಳ್ಳೆಂದರು. "ಬಿಳಿ ಬಟ್ಟೇಲೇ ಬಿಚ್ಚಣ್ಣೋ, ನೋಡಾಣ!" ಎಂದು ಅವರಲ್ಲೆಲ್ಲ ಹಿರಿಯ ಡ್ರೈವರು ಕೂಗಿದ. ಆತನಿಗೆ ಹೊಗಳಿಕೆಯಿಂದ ತಪ್ಪಿಸಿಕೊಳ್ಳುವುದು ಯಾವತ್ತೂ ಬರುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿದ. ನಾನು ಗೋಣಿತಾಟು ಹಾಸಿದೆ.

ಬೇಸಿನ್ನಿಗೆ ಇಳಿದ ಆಯಿಲ್ ಒಂದು ಗಾಡಿಗೆ ಬೇಕಾದಷ್ಟು ಇತ್ತು. ಆತ ಬೋಲ್ಟು ಸಡಿಲಿಸಿ ಚೇಂಬರನ್ನು ಇಳಿಸಿದ. ಆಮೇಲೆ ಕಾರಿನ ಕೆಳಗೆ ಸದ್ದಿಲ್ಲ. ನಾನು ಬಗ್ಗಿ ನೋಡಿದೆ. ಜಾಲರಿಯ ಬಾಯಿಗೆ ನೀಲಿ ಚೂರುಗಳು ಮೆತ್ತಿಕೊಂಡಿದ್ದವು, ಶ್ಯಾವಿಗೆ ಎಳೆಗಳಂತೆ, ಒಂದರ ಮೇಲೊಂದು. ಅಂಚಿನಲ್ಲಿ ಹಚ್ಚಿದ ಪೇಸ್ಟು ಹೆಚ್ಚಾಗಿ ಒಳಕ್ಕೆ ಉಬ್ಬಿ, ಕಿತ್ತುಬಂದು, ಆಯಿಲ್ಲಿನಲ್ಲಿ ತೇಲಿ ಹೋಗಿ ಅಲ್ಲಿ ಸೇರಿತ್ತು. ಹೊರಗೆ ಒಂದು ಹನಿ ಬೀಳಬಾರದೆಂದು ಹಾಕಿದ್ದು ಒಳಗೆ ಒಂದು ಹನಿ ಹೋಗದ ಹಾಗೆ ಮಾಡಿತ್ತು. ಆತ ಆ ನೀಲಿಯನ್ನು ಬೆರಳಲ್ಲಿ ಕಿತ್ತು, ಮುಷ್ಟಿ ಮಾಡಿ, ಅಂಗಿಯ ಜೇಬಿಗೆ ಇಳಿಸಿದ. ಹೊರಗೆ ಬಂದು, "ಏನೂ ಇಲ್ಲ. ನಾನು ಹೇಳಿದ್ದೇ" ಎಂದ.

ಬಿಳಿ ಜೇಬಿನ ಮೇಲೆ ಕಪ್ಪು ಕಲೆ ಹರಡುತ್ತಿತ್ತು. ಮೊದಲು ಅಡಿಕೆಯಷ್ಟು, ಆಮೇಲೆ ಅಂಗೈಯಷ್ಟು.

"ಜೇಬಲ್ಲಿ ಏನಣ್ಣ?" ಎಂದೆ.

ಹಿರಿಯ ಡ್ರೈವರು ಕೈ ಹಾಕಿ ತೆಗೆದ. ನೀಲಿ ಎಲ್ಲರ ಕೈಗೂ ಹೋಗಿ ಬಂತು. ಯಾರೂ ನಗಲಿಲ್ಲ. ನನಗೆ ನಗಬೇಕೆನ್ನಿಸಿತು, ಆದರೆ ಅನ್ನ ಬಸಿಯುವುದಿತ್ತು.

ಆತನಿಗೆ ಎಲೆ ಹಾಕಿದೆ. ಉಳಿದವರಿಗಿಂತ ಹೆಚ್ಚು ತುಪ್ಪ ಬಡಿಸಿದೆ. ಬಡಿಸುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಅಣ್ಣಾ, ಟೀ ಅಂಗಡೀಲಿ ಆಡಿದ ಮಾತನ್ನ ಟೀ ಅಂಗಡೀಲೇ ವಾಪಸ್ ತಗೋಬೇಕು. ನನಗೆ ಬೇರೇನೂ ಬೇಡ."

"ಆಗ್ಲಿ ತಂಗ್ಯವ್ವ" ಎಂದ. ಕಲೆಯ ಮೇಲೆ ಕೈ ಮುಚ್ಚಿಕೊಂಡೇ ಉಂಡ.

ತೆಗೆದುಕೊಳ್ಳಲಿಲ್ಲ. ಎರಡು ದಿನ ಕಳೆದು ಅದೇ ಟೀ ಅಂಗಡಿಯಲ್ಲಿ, "ಹಳೇ ಪ್ಯಾಕಿಂಗ್ ಕರಗಿ ಬಿದ್ದಿತ್ತು, ಆಯಿಲ್ ಇಲ್ದೆ ಕಾದ್ರೆ ಹಂಗೇ ಆಗೋದು" ಎಂದನಂತೆ. ನೀಲಿಯನ್ನು ಕೈಯಲ್ಲಿ ಹಿಡಿದು ನೋಡಿದವರು ಟೀ ಹೀರುತ್ತಾ ತಲೆಯಾಡಿಸಿದರಂತೆ. ಅವರ ಗಾಡಿಗಳೂ ಆತನ ಕೈಯಲ್ಲೇ ಇದ್ದವು. ಅಡ್ಡಹೆಸರು ಹೋಗಲಿಲ್ಲ. ತಂಬಿಟ್ಟು ಕಳಿಸುವುದನ್ನು ನಿಲ್ಲಿಸಿದೆ. ದಾರಿಯಲ್ಲಿ ಎದುರಾದಾಗಲೆಲ್ಲ ನಿಂತು, "ಯಾವಾಗಣ್ಣ?" ಎಂದು ಒಂದೇ ಮಾತು ಕೇಳುತ್ತಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂಡ ಕೇಳಿದೆ. ಕೊನೆಕೊನೆಗೆ ಆತ ನಮ್ಮ ಬೀದಿಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಮಂಡಿನೋವಿನಲ್ಲಿ ಅಷ್ಟು ದೂರ ಸುತ್ತುವುದನ್ನು ಮಹಡಿಯಿಂದ ನೋಡಿ ನನಗೆ ಹಾಯೆನಿಸುತ್ತಿತ್ತು.

ಬೇರೆ ಇಂಜಿನ್ನು ಬೇಲೂರಿನಲ್ಲಿ ಕೂತಿತು. ಈಗ ಎಲ್ಲಿ ಸೋರಿದರೂ ನಾನೇ ಮೊದಲು ತೊಳೆಯುತ್ತೇನೆ, ಪೌಡರು ಉದುರಿಸುತ್ತೇನೆ, ಗೆರೆ ಎಲ್ಲಿ ಹುಟ್ಟಿತೆಂದು ನೋಡುತ್ತೇನೆ. ಯಾರಿಂದ ಕಲಿತಿರಿ ಎಂದು ಕೇಳಿದರೆ ಹೇಳುವುದಿಲ್ಲ. ಆತನ ವಿದ್ಯೆಯನ್ನು ಇಟ್ಟುಕೊಂಡಿದ್ದೇನೆ, ಋಣವನ್ನು ಇಟ್ಟುಕೊಂಡಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಇವರು ಬಂದರು. ಮುಂದಿನದನ್ನು ಮಾರನೆಯ ಬೆಳಿಗ್ಗೆ ಸೇರಿಸುತ್ತಿದ್ದೇನೆ.

ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು, ಗೋಡೆಗೆ ಒರಗಿ ಕೂತರು. ಅಡುಗೆಮನೆಯಿಂದ ನಾನೇ ಕೇಳಿದೆ.

"ಮಣ್ಣಾಯ್ತಾ?"

"ಆಯ್ತು. ಆಮೇಲೆ ಟೀ ಅಂಗಡಿ ಹತ್ರ ಎಲ್ಲ ಸೇರಿದ್ವಿ. ಒಬ್ಬೊಬ್ಬರೂ ಎರಡು ಮಾತು ಆಡಿದ್ರು. ಹಳೇ ಗಿರಾಕಿ ನೀನೂ ಆಡು ಅಂದ್ರು."

"ಹೊಗಳಿದ್ರಾ?"

"ಹೂಂ. ಒಳ್ಳೆ ಕೆಲಸಗಾರ, ಅವನ ಕೈಯಲ್ಲಿ ಯಾವ ಗಾಡೀನೂ ಕೆಟ್ಟಿಲ್ಲ ಅಂದೆ." ನೆಲ ನೋಡುತ್ತಾ ಹೇಳಿದರು: "ನಂದೊಂದು ಬಿಟ್ಟು, ಅಂದೆ."

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಏನಂದ್ರಿ? ಇನ್ನೊಂದ್ ಸಲ ಹೇಳಿ."

"ನಂದೊಂದು ಬಿಟ್ಟು. ನನ್ನ ಇಂಜಿನ್ ಒಣಗಿರ್ಲಿಲ್ಲ, ಅವನ ನೀಲಿ ಕಟ್ಕೊಂಡಿತ್ತು ಅಂದೆ. ಹೆಂಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವನ ಮಗ ಅಲ್ಲೇ ನಿಂತಿದ್ದ ಕಣೇ."

"ಯಾರೂ ಏನೂ ಅನ್ಲಿಲ್ವಾ?"

"ಆ ಹಿರೀ ಡ್ರೈವರು, 'ಹೌದು ಕಣಪ್ಪ, ನಾವೂ ನೋಡಿದ್ವಿ, ಜೇಬಿಂದ ತೆಗೆದೋನೇ ನಾನು' ಅಂದ. ಆಮೇಲೆ ಉಳಿದೋರೂ ಹೌದು ಹೌದು ಅಂದ್ರು. ಈಗ ಅವರ ಗಾಡಿ ಅವನ ಕೈಯಲ್ಲಿಲ್ವಲ್ಲ." ಒದ್ದೆ ತಲೆಯನ್ನು ಉಜ್ಜಿಕೊಂಡರು. "ತಪ್ಪು ಮಾಡ್ದೆ ಅನ್ಸುತ್ತೆ. ಮಣ್ಣು ಆರಿರ್ಲಿಲ್ಲ ಇನ್ನೂ."

ನಾನು ಒಳಗೆ ಹೋದೆ. ಹಾಲಿಟ್ಟು, ಗಸಗಸೆ ಹುರಿದು, ಕಾಯಿ ರುಬ್ಬಿ, ಬೆಲ್ಲ ಹಾಕಿ ಪಾಯಸ ಮಾಡಿದೆ. ಏಲಕ್ಕಿಯ ಘಮಕ್ಕೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಸಾವಿನ ದಿನ ಪಾಯಸ ಏನೇ?"

"ನಮ್ಮನೇಲಿ ಯಾರೂ ಸತ್ತಿಲ್ಲ."

ಅವರು ಅರ್ಧ ಮುದ್ದೆ, ಹುರುಳಿಕಟ್ಟಿನ ಸಾರು ಉಂಡು ಮಜ್ಜಿಗೆ ಕುಡಿದರು. ಪಾಯಸದ ಬಟ್ಟಲನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು. ನನ್ನದನ್ನು ಉಂಡು, ಅವರದನ್ನೂ ನಾನೇ ಉಂಡೆ. ಅವರು ಜಗಲಿಯ ಮೇಲೆ ಕೂತೇ ಇದ್ದರು. ನಾನು ಪಾತ್ರೆ ತೊಳೆದು ಹೋಗಿ ಮೊದಲು ಮಲಗಿದೆ, ಮಲಗಿದ ಕೂಡಲೇ ನಿದ್ದೆ ಬಂತು.